ಇನ್ನೂ ಬಾರದ ಎಲೆಯ ಬೆಲೆ: ಪೋಕರ್‌ನ ಇಂಪ್ಲೈಡ್ ಆಡ್ಸ್ ಲೆಕ್ಕ

ದೀಪಾವಳಿಗೆ ಅಕ್ಕನ ಮನೆಯಲ್ಲಿ ಎಲ್ಲರೂ ಸೇರಿದ್ದೆವು. ರಾತ್ರಿ ಊಟವಾದ ಮೇಲೆ ಚಾಪೆ ಹಾಸಿ ಇಸ್ಪೀಟು ಕಟ್ಟು ಬಿಚ್ಚುವುದು ನಮ್ಮ ಮನೆಯ ಹಳೆಯ ರೂಢಿ. ಚಿಕ್ಕವರಿದ್ದಾಗ ಹುಣಸೆ ಬೀಜ ಇಟ್ಟು ರಮ್ಮಿ ಆಡುತ್ತಿದ್ದೆವು. ಈಗ ಬೀಜದ ಬದಲು ತಮ್ಮ ತಂದ ಪ್ಲಾಸ್ಟಿಕ್ ಚಿಪ್‌ಗಳು, ರಮ್ಮಿಯ ಬದಲು ಪೋಕರ್. ಹಣದ ಮಾತಿಲ್ಲ. ಗೆದ್ದವರಿಗೆ ಮರುದಿನ ಕೆಲಸದಿಂದ ಬಿಡುವು, ಸೋತವರಿಗೆ ಕಾಫಿ ಮಾಡುವ ಸರದಿ.

ಒಂದು ಆಟದಲ್ಲಿ ತಮ್ಮ ಮತ್ತು ಭಾವ ಇಬ್ಬರೇ ಉಳಿದರು. ಚಾಪೆಯ ಮೇಲೆ ನಾಲ್ಕು ಎಲೆ ಬಿಚ್ಚಿದ್ದವು: ಆಟೀನು ರಾಜ, ಡೈಮಂಡ್ 6, ಕ್ಲಾವರ್ 5, ಇಸ್ಪೀಟು 2. ತಮ್ಮನ ಕೈಯಲ್ಲಿ 8 ಮತ್ತು 7. ಚಾಪೆಯ 5, 6 ಸೇರಿದರೆ 5-6-7-8. ಇನ್ನು 4 ಅಥವಾ 9 ಬಂದರೆ ಐದು ಎಲೆಯ ಸರಣಿ, ಅಂದರೆ ಸ್ಟ್ರೇಟ್. ಸದ್ಯಕ್ಕೆ ಅವನ ಕೈಯಲ್ಲಿ ಏನೂ ಇಲ್ಲ. ಪಾಟ್‌ನಲ್ಲಿ (ಎಲ್ಲರೂ ಹಾಕಿ ನಡುವೆ ಸೇರಿದ ಗುಡ್ಡೆಯಲ್ಲಿ) 120 ಚಿಪ್ ಇತ್ತು, ಭಾವ 80 ಹಾಕಿದರು. ತಮ್ಮ ಒಂದು ಗಳಿಗೆ ಯೋಚಿಸಿ, "ಬಂದ್ರೆ ಬೆಟ್ಟ, ಹೋದ್ರೆ ಕೂದಲು" ಎಂದು 80 ಮುಂದಕ್ಕೆ ತಳ್ಳಿದ. ಕೊನೆಯ ಎಲೆ ಕ್ಲಾವರ್ 9. ಎಕ್ಕ-ರಾಜ ಹಿಡಿದಿದ್ದ ಭಾವ ಉಳಿದಿದ್ದ 140 ಚಿಪ್ಪನ್ನೂ ಹಾಕಿ ಎಲ್ಲವನ್ನೂ ಕಳೆದುಕೊಂಡರು.

"ಇಂಪ್ಲೈಡ್ ಆಡ್ಸ್ ಅಂದ್ರೆ ಇದೇ ಅಲ್ವಾ ಅಣ್ಣ?" ಎಂದ ತಮ್ಮ, ಚಿಪ್ ಬಾಚಿಕೊಳ್ಳುತ್ತಾ.

ಆ ಗದ್ದಲದಲ್ಲಿ ಉತ್ತರ ಹೇಳಲಾಗಲಿಲ್ಲ. ಮರುದಿನ ಬೆಳಿಗ್ಗೆ ಕಾಗದದ ಮೇಲೆ ಬರೆದು ತೋರಿಸಿದೆ. ಅವನು ಹೇಳಿದ ಹೆಸರು ಸರಿಯಾಗಿತ್ತು, ಹಾಕಿದ 80 ಚಿಪ್ ತಪ್ಪಾಗಿತ್ತು. ಗೆದ್ದ ಆಟದಲ್ಲೇ ತಪ್ಪು ಹೇಗೆ ಅಡಗಿತ್ತು ಎಂಬುದನ್ನು ಅರ್ಥ ಮಾಡಿಕೊಂಡರೆ ಇಂಪ್ಲೈಡ್ ಆಡ್ಸ್ ಅರ್ಥವಾದಂತೆಯೇ. ಹಾಗಾಗಿ ಅದೇ ಕೈಯನ್ನು ಹಿಡಿದುಕೊಂಡು ವಿವರಿಸುತ್ತೇನೆ.

ಪೋಕರ್ ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಆಡುವುದು ಟೆಕ್ಸಾಸ್ ಹೋಲ್ಡೆಮ್. ಅಮೆರಿಕದ ಟೆಕ್ಸಾಸ್‌ನಲ್ಲಿ ಹುಟ್ಟಿ, 1960ರ ದಶಕದಲ್ಲಿ ಲಾಸ್ ವೇಗಸ್ ತಲುಪಿ, ಅಲ್ಲಿಂದ ಲೋಕವೆಲ್ಲ ಹಬ್ಬಿದ ಆಟ ಇದು. ಪ್ರತಿಯೊಬ್ಬರಿಗೂ ಮುಚ್ಚಿದ ಎರಡು ಎಲೆ. ನಡುವೆ ಎಲ್ಲರಿಗೂ ಸೇರಿದ ಐದು ಎಲೆ: ಮೊದಲು ಒಟ್ಟಿಗೆ ಮೂರು, ಅದು ಫ್ಲಾಪ್. ಆಮೇಲೆ ಒಂದು, ಅದು ಟರ್ನ್. ಕೊನೆಗೆ ಒಂದು, ಅದು ರಿವರ್. ಪ್ರತಿ ಹಂತದಲ್ಲೂ ಚಿಪ್ ಹಾಕುವ ಸುತ್ತು ಇರುತ್ತದೆ. ಏಳು ಎಲೆಗಳಲ್ಲಿ ಒಳ್ಳೆಯ ಐದು ಯಾರದೋ ಅವರಿಗೆ ಪಾಟ್. ಈಗ ಏನೂ ಇಲ್ಲದೆ, ಮುಂದೆ ಒಂದು ಎಲೆ ಬಂದರೆ ಗೆಲ್ಲುವಂತಿರುವ ಕೈಗೆ ಡ್ರಾ ಎನ್ನುತ್ತಾರೆ. ರಮ್ಮಿಯಲ್ಲಿ 6-7 ಹಿಡಿದು 5 ಅಥವಾ 8ಕ್ಕೆ ಕಾಯುವವರಿಗೆ ಈ ಸ್ಥಿತಿ ಚೆನ್ನಾಗಿ ಗೊತ್ತು. ವ್ಯತ್ಯಾಸ ಇಷ್ಟೇ, ರಮ್ಮಿಯಲ್ಲಿ ಕಾಯುವುದಕ್ಕೆ ಯಾರೂ ಬಾಡಿಗೆ ಕೇಳುವುದಿಲ್ಲ. ಇಲ್ಲಿ ಕೇಳುತ್ತಾರೆ.

ಮೊದಲು ಕಣ್ಣಿಗೆ ಕಾಣುವ ಲೆಕ್ಕ

ಭಾವ ಕೇಳಿದ ಬಾಡಿಗೆ 80. ಅದನ್ನು ಕೊಟ್ಟರೆ ಗೆಲ್ಲಲು ಸಿಗುವುದು ಪಾಟ್‌ನ 120 ಮತ್ತು ಭಾವನ 80, ಒಟ್ಟು 200. ಎರಡು ನೂರಕ್ಕೆ ಎಂಬತ್ತು, ಅಂದರೆ ಒಂದಕ್ಕೆ ಎರಡೂವರೆ. ಇದಕ್ಕೆ ಪಾಟ್ ಆಡ್ಸ್ ಎಂದು ಹೆಸರು.

ಎಲೆ ಬರುವ ಸಂಭವ ಎಷ್ಟು? ಕಟ್ಟಿನಲ್ಲಿ 52 ಎಲೆ. ತಮ್ಮನಿಗೆ ಕಾಣುತ್ತಿರುವುದು ಕೈಯ ಎರಡು, ಚಾಪೆಯ ನಾಲ್ಕು. ಉಳಿದದ್ದು 46. ಭಾವನ ಕೈಯಲ್ಲಿ ಎರಡು ಇವೆಯಲ್ಲ, ಅವನ್ನು ಕಳೆಯಬೇಡವೇ ಎಂದು ತುಂಬ ಜನ ಕೇಳುತ್ತಾರೆ. ಕಳೆಯಬಾರದು. ಅವು ಯಾವುವೆಂದು ನಮಗೆ ಗೊತ್ತಿಲ್ಲ. ಕಾಣದ ಎಲೆ ಕಟ್ಟಿನಲ್ಲಿದ್ದರೂ ಒಂದೇ, ಎದುರಿನವರ ಕೈಯಲ್ಲಿದ್ದರೂ ಒಂದೇ. ಆ 46ರಲ್ಲಿ ಬೇಕಾದದ್ದು ನಾಲ್ಕು 4ಗಳು, ನಾಲ್ಕು 9ಗಳು. ಹೀಗೆ ಕೈಯನ್ನು ಗೆಲ್ಲಿಸುವ ಎಲೆಗಳಿಗೆ ಔಟ್ಸ್ ಎನ್ನುತ್ತಾರೆ. ಎಂಟು ಔಟ್ಸ್, ಅಂದರೆ ಶೇ. 17.4.

ಶೇಕಡಾವಾರು ಬಿಟ್ಟು ಇನ್ನೊಂದು ರೀತಿ ನೋಡೋಣ, ನನಗೆ ಇದೇ ಹೆಚ್ಚು ಸ್ಪಷ್ಟ. ಇದೇ ಕೈಯನ್ನು 46 ಸಲ ಆಡಿದೆವು, ಪ್ರತಿ ಸಲವೂ ಬೇರೆ ಬೇರೆ ಎಲೆ ಬಂತು ಎಂದುಕೊಳ್ಳಿ. 38 ಸಲ ಬೇಡದ ಎಲೆ ಬಂದು 80 ಹೋಗುತ್ತದೆ: ಒಟ್ಟು 3,040 ಚಿಪ್. 8 ಸಲ ಬೇಕಾದ ಎಲೆ ಬಂದು 200 ಸಿಗುತ್ತದೆ: ಒಟ್ಟು 1,600. ಕೈಬಿಟ್ಟದ್ದು 1,440. ಹೀಗೆ 80 ಹಾಕಿದಾಗಲೆಲ್ಲ ಸರಾಸರಿ 31 ಚಿಪ್ ನಷ್ಟ. ಪಾಟ್ ಆಡ್ಸ್ ಮಾತ್ರ ನೋಡಿದರೆ ಎಲೆ ಕೆಳಗಿಡಬೇಕು.

ಆದರೆ ಆಟ ಅಲ್ಲಿಗೇ ನಿಲ್ಲುವುದಿಲ್ಲ. ಬೇಕಾದ ಎಲೆ ಬಂದ ಮೇಲೆ ಇನ್ನೊಂದು ಸುತ್ತು ಇದೆ. ಅಲ್ಲಿ ಎದುರಾಳಿ ಇನ್ನಷ್ಟು ಹಾಕಬಹುದು. ಎಲೆ ಬಾರದಿದ್ದರೆ ನಾವು ಮುಂದೆ ಒಂದು ಚಿಪ್ಪೂ ಹಾಕಬೇಕಿಲ್ಲ. ಸೋತಾಗ ಹೋಗುವುದು ನಿಗದಿಯಾಗಿದೆ, ಗೆದ್ದಾಗ ಬರುವುದು ಬೆಳೆಯಬಹುದು. ಈ ಬೆಳೆಯುವ ಭಾಗವನ್ನೂ ಸೇರಿಸಿ ಹಾಕುವ ಲೆಕ್ಕವೇ ಇಂಪ್ಲೈಡ್ ಆಡ್ಸ್.

ಬಾಕಿ ಎಷ್ಟು, ವಸೂಲಿ ಎಷ್ಟು

ತಪ್ಪು ಶುರುವಾಗುವುದೂ ಇಲ್ಲಿಂದಲೇ. "ಮುಂದೆ ಇನ್ನೂ ಬರಬಹುದು" ಎಂಬ ಒಂದು ಮಾತನ್ನು ಹಿಡಿದು ಜನ ಎಲ್ಲ ಡ್ರಾಗೂ ಚಿಪ್ ಹಾಕುತ್ತಾರೆ. ಕೂದಲು ಕಟ್ಟಿ ಬೆಟ್ಟ ಎಳೆಯುವ ಗಾದೆಯಲ್ಲಿ ನಾವು ನೆನಪಿಡುವುದು ಬೆಟ್ಟವನ್ನು. ಎಷ್ಟು ಕೂದಲು ಹೋದವು ಎಂದು ಯಾರೂ ಎಣಿಸುವುದಿಲ್ಲ. ಮೇಲಿನ ಲೆಕ್ಕದಲ್ಲಿ ಒಂದು ಬೆಟ್ಟ ಸಿಗಬೇಕಾದರೆ ಸರಾಸರಿ ಐದು ಕೂದಲಿಗೆ ಸ್ವಲ್ಪ ಕಡಿಮೆ ಹೋಗುತ್ತವೆ, ಮತ್ತು ಒಂದೊಂದೂ 80 ಚಿಪ್ಪಿನದು.

ನಾನು ಇದನ್ನು ಅಂಗಡಿಯ ಬಾಕಿಯಂತೆ ನೋಡುತ್ತೇನೆ. ಪಾಟ್ ಈಗ ಕೊಡುತ್ತಿರುವ ಬೆಲೆ ಸಾಲದು. ಆದರೂ ನಾವು ಸರಕು ಕೊಡುತ್ತಿದ್ದೇವೆ, ಉಳಿದದ್ದನ್ನು ಮುಂದಿನ ಸುತ್ತಿನಲ್ಲಿ ವಸೂಲು ಮಾಡುತ್ತೇವೆ ಎಂಬ ನಂಬಿಕೆಯಿಂದ. ಹಾಗಾದರೆ ಮೊದಲು ಗೊತ್ತಾಗಬೇಕಾದದ್ದು ಬಾಕಿ ಎಷ್ಟು ಎಂಬುದು. ಅದು ಊಹೆಯಲ್ಲ, ಖಚಿತ ಸಂಖ್ಯೆ.

38 ಸಲ ಹೋದ 3,040 ಚಿಪ್ಪನ್ನು 8 ಗೆಲುವುಗಳಲ್ಲಿ ತುಂಬಿಸಿಕೊಳ್ಳಬೇಕು. 3,040ನ್ನು 8ರಿಂದ ಭಾಗಿಸಿದರೆ 380. ಪ್ರತಿ ಗೆಲುವೂ ಕನಿಷ್ಠ 380 ತರಬೇಕು. ಪಾಟ್‌ನಲ್ಲಿ ಈಗಾಗಲೇ 200 ಇದೆ. ಬಾಕಿ 180. ಅಂದರೆ ಎಲೆ ಬಂದಾಗಲೆಲ್ಲ ಕೊನೆಯ ಸುತ್ತಿನಲ್ಲಿ ಭಾವನಿಂದ ಸರಾಸರಿ 180 ಚಿಪ್ ಬರಬೇಕು. ಆಗ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಈಗ ಆ ರಾತ್ರಿಯ ಚಾಪೆಗೆ ಹೋಗೋಣ. ಭಾವನ ಮುಂದೆ ಉಳಿದಿದ್ದದ್ದು 140. ಬೇಕಾದ ಎಲೆ ಬಂದ ಎಂಟಕ್ಕೆ ಎಂಟು ಸಲವೂ ಭಾವ ತಮ್ಮನಿಗೆ ಇದ್ದದ್ದೆಲ್ಲವನ್ನೂ ಕೊಟ್ಟರೂ 180 ಆಗುವುದಿಲ್ಲ. ಗೆಲುವೊಂದಕ್ಕೆ 340ರಂತೆ ಎಂಟು ಸಲಕ್ಕೆ 2,720. ಹೋದದ್ದು 3,040. ಅತ್ಯಂತ ಒಳ್ಳೆಯ ಸಂದರ್ಭದಲ್ಲೂ ಪ್ರತಿ ಸಲ 7 ಚಿಪ್ ನಷ್ಟ. ಇಲ್ಲದ ದುಡ್ಡನ್ನು ಯಾರಿಂದಲೂ ವಸೂಲು ಮಾಡಲಾಗದು. ತಮ್ಮ ತನ್ನ ಎಲೆ ನೋಡಿದ, ಪಾಟ್ ನೋಡಿದ, ಭಾವನ ಮುಂದಿನ ಗುಡ್ಡೆಯನ್ನು ನೋಡಲಿಲ್ಲ.

ಈ ಗುಡ್ಡೆಗೆ ಪೋಕರ್‌ನಲ್ಲಿ ಸ್ಟ್ಯಾಕ್ ಎನ್ನುತ್ತಾರೆ. ಲೆಕ್ಕಕ್ಕೆ ಬರುವುದು ಇಬ್ಬರ ಸ್ಟ್ಯಾಕ್‌ಗಳಲ್ಲಿ ಚಿಕ್ಕದು. ಎದುರಿನವರ ಬಳಿ ಸಾವಿರವಿದ್ದು ನಮ್ಮಲ್ಲಿ ನೂರೇ ಇದ್ದರೆ ನಾವು ಗೆಲ್ಲುವುದೂ ನೂರೇ.

ಇನ್ನು ಭಾವನ ಬಳಿ 140ರ ಬದಲು 500 ಇದ್ದಿದ್ದರೆ? ಆಗ ಪ್ರಶ್ನೆ ಬದಲಾಗುತ್ತದೆ. ಇರುವ ದುಡ್ಡನ್ನು ಅವರು ಕೊಡುತ್ತಾರೆಯೇ?

ಇಲ್ಲಿ ಎಂಟು ಔಟ್ಸ್‌ಗಳೆಲ್ಲ ಒಂದೇ ಬೆಲೆಯವಲ್ಲ ಎಂಬುದನ್ನು ಗಮನಿಸಿ. 9 ಬಂದರೆ ಚಾಪೆಯ ಮೇಲೆ ರಾಜ, 9, 6, 5, 2. ನೋಡುವವರಿಗೆ ಏನೂ ನಡೆದಂತೆ ಕಾಣುವುದಿಲ್ಲ. ಎಕ್ಕ-ರಾಜ ಹಿಡಿದವರಿಗೆ ತಮ್ಮದೇ ಮೇಲುಗೈ ಅನ್ನಿಸುತ್ತದೆ. 4 ಬಂದರೆ ರಾಜ, 6, 5, 4, 2. ಈಗ ಯಾರ ಕೈಯಲ್ಲಾದರೂ ಒಂದು 3 ಇದ್ದರೆ ಸಾಕು, ಸ್ಟ್ರೇಟ್ ಆಗಿಬಿಡುತ್ತದೆ. ಅನುಭವವಿರುವ ಎದುರಾಳಿ ಅಲ್ಲಿ ಹೆದರುತ್ತಾರೆ. ತಮ್ಮನಿಗೆ ಎರಡೂ ಎಲೆ ಅಷ್ಟೇ ಒಳ್ಳೆಯವು, ಎರಡರಲ್ಲೂ ಅವನದೇ ಅತಿ ದೊಡ್ಡ ಕೈ. ಆದರೆ ಒಂದು ಎಲೆ ಮೌನವಾಗಿ ಬರುತ್ತದೆ, ಇನ್ನೊಂದು ಕೂಗುತ್ತಾ ಬರುತ್ತದೆ.

9 ಬಂದಾಗ ಭಾವ ಪಾಟ್‌ನಷ್ಟೇ, ಅಂದರೆ 280 ಕೊಟ್ಟರು, 4 ಬಂದಾಗ ಹಿಂಜರಿದು 100 ಕೊಟ್ಟರು ಎಂದಿಟ್ಟುಕೊಳ್ಳಿ. ಸರಾಸರಿ 190. ಬಾಕಿ 180. ಗೆಲುವೊಂದಕ್ಕೆ ಹತ್ತು ಚಿಪ್ ಮೇಲೆ ಉಳಿಯಿತು. ಇದನ್ನು 46 ಸಲಕ್ಕೆ ಹಂಚಿದರೆ ಸಲಕ್ಕೆ ಎರಡು ಚಿಪ್ಪೂ ಇಲ್ಲ. ಪಾಟ್‌ನಷ್ಟು ದೊಡ್ಡ ಮೊತ್ತವನ್ನು ಎದುರಾಳಿ ತಪ್ಪದೆ ಕೊಡುತ್ತಾರೆ ಎಂದು ಉದಾರವಾಗಿ ಊಹಿಸಿದ ಮೇಲೂ ಇಷ್ಟೇ. ಎದುರಾಳಿ ಅರ್ಧ ಸಲ ಮಾತ್ರ ಕೊಡುತ್ತಾರೆ, ಉಳಿದರ್ಧ ಎಲೆ ಮಡಚುತ್ತಾರೆ ಎಂದಾದರೆ, ಕೊಟ್ಟಾಗಲೆಲ್ಲ 360 ಕೊಡಬೇಕು. ಡ್ರಾ ಹಿಡಿದು ಟರ್ನ್‌ನಲ್ಲಿ ದೊಡ್ಡ ಮೊತ್ತಕ್ಕೆ ಕಾಲ್ ಮಾಡುವುದು, ಅಂದರೆ ಎದುರಾಳಿ ಹಾಕಿದಷ್ಟನ್ನು ಹಾಕಿ ಮುಂದುವರಿಯುವುದು, ಅಷ್ಟು ಸಲೀಸಲ್ಲ ಎಂದು ನಾನು ಹೇಳುವುದು ಇದಕ್ಕೇ.

ಕೊಡುವವರು ಯಾರು ಎಂಬುದರಲ್ಲಿ ಹೊಸಬರಿಗೆ ವಿಚಿತ್ರವೆನಿಸುವ ಒಂದು ಸಂಗತಿ ಇದೆ. ಡ್ರಾ ಹಿಡಿದವರಿಗೆ ಎದುರಾಳಿಯ ಕೈ ಗಟ್ಟಿಯಾಗಿರುವುದೇ ಒಳ್ಳೆಯದು. ಎದುರಾಳಿ ಬರಿಗೈಯಲ್ಲಿ ಹೆದರಿಸುತ್ತಿದ್ದರೆ, ಅಂದರೆ ಬ್ಲಫ್ ಮಾಡುತ್ತಿದ್ದರೆ, ನಮ್ಮ ಎಲೆ ಬಂದ ಮೇಲೆ ಅವರು ಇನ್ನೇನೂ ಕೊಡುವುದಿಲ್ಲ, ಅವರ ಬಳಿ ಕೊಡಲು ಕಾರಣವೇ ಇಲ್ಲ. ಎರಡು ಎಕ್ಕ ಹಿಡಿದು ಬಿಡಲಾರದೆ ಕೂತವರೇ ಬಾಕಿ ತೀರಿಸುವವರು. ಅದಕ್ಕೇ, ಯಾವಾಗಲೋ ಒಮ್ಮೆ ಆಟಕ್ಕಿಳಿದು ಜೋರಾಗಿ ಚಿಪ್ ಹಾಕುವ ಬಿಗಿ ಆಟಗಾರರ ಎದುರು ಡ್ರಾಗಳಿಗೆ ಬೆಲೆ ಹೆಚ್ಚು, ಪ್ರತಿ ಕೈಯಲ್ಲೂ ಏನಾದರೊಂದು ಹಾಕುವವರ ಎದುರು ಕಡಿಮೆ. ಇದಕ್ಕೆ ಒಂದು ಶರತ್ತಿದೆ: ಬಿಗಿ ಆಟಗಾರರಿಗೆ ಕೈಬಿಡುವುದೂ ಗೊತ್ತಿದ್ದರೆ ಈ ಲಾಭ ಇಲ್ಲ. ಯಾರು ಯಾವ ಜಾತಿಯವರು ಎಂದು ತಿಳಿಯುವುದು ಎಲೆ ನೋಡಿ ಅಲ್ಲ, ಹಿಂದಿನ ಹತ್ತು ಕೈಗಳನ್ನು ನೋಡಿ. ನಮ್ಮ ಮನೆಯಲ್ಲಿ ಅಮ್ಮ ಒಂದು ಜೋಡಿ ರಾಣಿ ಸಿಕ್ಕರೆ ಕೊನೆಯವರೆಗೂ ಬಿಡುವುದಿಲ್ಲ. ಅಕ್ಕನಾದರೋ ಚಾಪೆಯ ಮೇಲೆ ಒಂದೇ ಜಾತಿಯ ಮೂರು ಎಲೆ ಕಂಡ ತಕ್ಷಣ ಕೈ ಮಡಚುತ್ತಾಳೆ. ಒಂದೇ ಡ್ರಾ, ಒಂದೇ ಪಾಟ್, ಆದರೂ ಅಮ್ಮನ ಎದುರು ಕಾಲ್ ಮಾಡುವ ಕೈಯನ್ನು ಅಕ್ಕನ ಎದುರು ನಾನು ಕೆಳಗಿಡುತ್ತೇನೆ.

ಫ್ಲಶ್: ಎಲ್ಲರಿಗೂ ಕಾಣುವ ಡ್ರಾ

ಒಂದೇ ಜಾತಿಯ ಐದು ಎಲೆ ಸೇರಿದರೆ ಫ್ಲಶ್. ಕೈಯಲ್ಲಿ ಎರಡು ಇಸ್ಪೀಟು, ಚಾಪೆಯ ಮೇಲೆ ಎರಡು ಇಸ್ಪೀಟು ಇದ್ದರೆ ಉಳಿದ ಒಂಬತ್ತು ಇಸ್ಪೀಟುಗಳು ಔಟ್ಸ್. ಸ್ಟ್ರೇಟ್‌ಗಿಂತ ಒಂದು ಜಾಸ್ತಿ. ಅದೇ 120ರ ಪಾಟ್, ಅದೇ 80ರ ಬೆಟ್ ಇಟ್ಟುಕೊಂಡರೆ: 37 ಸಲ ಹೋಗುವುದು 2,960, ಅದನ್ನು 9ರಿಂದ ಭಾಗಿಸಿದರೆ ಸುಮಾರು 329. ಪಾಟ್‌ನ 200 ಕಳೆದರೆ ಬಾಕಿ 129. ಸ್ಟ್ರೇಟ್‌ನ 180ಕ್ಕಿಂತ ಬಹಳ ಕಡಿಮೆ. ಕಾಗದದ ಮೇಲೆ ಇದು ಒಳ್ಳೆಯ ಡ್ರಾ.

ವಸೂಲಿ ಮಾತ್ರ ಕಷ್ಟ. ಮೂರನೆಯ ಇಸ್ಪೀಟು ಚಾಪೆಗೆ ಬಿದ್ದ ಕೂಡಲೇ ಇಡೀ ಮನೆಗೆ ಗೊತ್ತಾಗುತ್ತದೆ. ಪೋಕರ್ ನಿನ್ನೆ ಕಲಿತವರೂ "ಫ್ಲಶ್ ಆಯ್ತೇನೋ" ಎಂದು ಕೈ ಹಿಂದೆಳೆಯುತ್ತಾರೆ.

ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ನಿಮ್ಮ ಕೈಯಲ್ಲಿ ಇಸ್ಪೀಟು 7 ಮತ್ತು 6 ಇವೆ. ಚಾಪೆಯ ಮೇಲೆ ಇಸ್ಪೀಟು ರಾಜ, ಡೈಮಂಡ್ ಗುಲಾಮ, ಇಸ್ಪೀಟು 4, ಆಟೀನು 2. ಒಂಬತ್ತು ಔಟ್ಸ್ ಎಂದು ಎಣಿಸಿದಿರಿ. ಆದರೆ ಬೇರೆಯವರು ಇಸ್ಪೀಟು ಎಕ್ಕದ ಜೊತೆ ಇನ್ನೊಂದು ಇಸ್ಪೀಟು ಹಿಡಿದಿದ್ದರೆ? ನಿಮ್ಮ ಎಲೆ ಬಂದಾಗಲೇ ಅವರದೂ ಬರುತ್ತದೆ, ಅವರದು ದೊಡ್ಡ ಫ್ಲಶ್. ಅಥವಾ ಎದುರಾಳಿ ಮೂರು ರಾಜ ಮಾಡಿ ಕೂತಿದ್ದರೆ? ಇಸ್ಪೀಟು ಗುಲಾಮ ಬಂದರೆ ನಿಮಗೆ ಫ್ಲಶ್, ಚಾಪೆಯ ಮೇಲೆ ಎರಡು ಗುಲಾಮ, ಅವರಿಗೆ ಫ್ಲಶ್‌ಗಿಂತ ದೊಡ್ಡದಾದ ಫುಲ್ ಹೌಸ್ (ಮೂರು ರಾಜ, ಎರಡು ಗುಲಾಮ). ಇಸ್ಪೀಟು 2 ಬಂದರೂ ಹಾಗೆಯೇ. ಒಂಬತ್ತರಲ್ಲಿ ಎರಡು ಎಲೆ ವಿಷ.

ಎಲೆ ಬಾರದೆ ಸೋತರೆ 80 ಹೋಗುತ್ತದೆ. ಎಲೆ ಬಂದೂ ಸೋತರೆ ಅದರ ಮೇಲೆ ಇನ್ನಷ್ಟು ಹೋಗುತ್ತದೆ, ಏಕೆಂದರೆ ಆಗ ನಾವು ಧೈರ್ಯವಾಗಿ ಹಾಕುತ್ತೇವೆ. ಇದಕ್ಕೆ ರಿವರ್ಸ್ ಇಂಪ್ಲೈಡ್ ಆಡ್ಸ್ ಎನ್ನುತ್ತಾರೆ. ಬಾಕಿ ವಸೂಲಿಗೆ ಹೋಗಿ ನಾವೇ ಸಾಲ ಮಾಡಿಕೊಂಡು ಬಂದ ಹಾಗೆ. ಇದರ ಪರಿಣಾಮ ಎಷ್ಟೆಂದು ಲೆಕ್ಕ ಹಾಕಿದಾಗ ನನಗೇ ಆಶ್ಚರ್ಯವಾಯಿತು. ಒಂಬತ್ತು ಔಟ್ಸ್‌ಗಳಲ್ಲಿ ಒಂದೇ ಒಂದು ಸಲ ಹೀಗಾಗಿ, 80ರ ಮೇಲೆ ಇನ್ನೂ 150 ಕಳೆದುಕೊಂಡಿರಿ ಎನ್ನಿ. ಈಗ ಹೋದದ್ದು 2,960 ಮತ್ತು 230, ಒಟ್ಟು 3,190. ತುಂಬಿಸಿಕೊಳ್ಳಲು ಉಳಿದಿರುವುದು ಎಂಟೇ ಗೆಲುವು. ಒಂದೊಂದೂ 399 ತರಬೇಕು. ಬಾಕಿ 129 ಇದ್ದದ್ದು 199 ಆಯಿತು. ಒಂಬತ್ತರಲ್ಲಿ ಒಂದು ಕೆಟ್ಟದ್ದಕ್ಕೆ ಬಾಕಿ ಒಂದೂವರೆ ಪಟ್ಟು!

ಹಾಗಾಗಿ ಇಸ್ಪೀಟು ಎಕ್ಕ ಹಿಡಿದು ಕಾಯುವ ಫ್ಲಶ್ ಬೇರೆ, 7-6 ಹಿಡಿದು ಕಾಯುವ ಫ್ಲಶ್ ಬೇರೆ. ಔಟ್ಸ್ ಎರಡಕ್ಕೂ ಒಂಬತ್ತೇ. ಎಕ್ಕ ಇರುವವರಿಗೆ ಚಿಕ್ಕ ಫ್ಲಶ್ ಹಿಡಿದವರೇ ಬಾಕಿ ತೀರಿಸುತ್ತಾರೆ. ಆಟದಲ್ಲಿ ಜನ ಹೆಚ್ಚಿದಷ್ಟೂ ಪಾಟ್ ದೊಡ್ಡದಾಗುತ್ತದೆ, ಕೊಡುವವರೂ ಹೆಚ್ಚುತ್ತಾರೆ, ಆದರೆ ಅದೇ ಜಾತಿಯ ದೊಡ್ಡ ಎಲೆಗೆ ಕಾಯುತ್ತಿರುವವರು ಅವರಲ್ಲಿ ಒಬ್ಬರಿರುವ ಸಂಭವವೂ ಹೆಚ್ಚುತ್ತದೆ. ನಾಲ್ಕೈದು ಜನರ ಪಾಟ್‌ನಲ್ಲಿ ಅತಿ ದೊಡ್ಡ ಕೈಗೆ ಹೋಗುವ ಡ್ರಾ ಬಂಗಾರ, ನಡುವಿನ ಡ್ರಾ ಕಲ್ಲು.

ಶೇ. 35 ಎಂಬ ಮೋಸ

ಫ್ಲಾಪ್‌ನಲ್ಲಿ ಫ್ಲಶ್ ಡ್ರಾ ಇದ್ದರೆ ಗೆಲುವಿನ ಸಂಭವ ಶೇ. 35 ಎಂದು ಎಲ್ಲ ಕಡೆ ಓದುತ್ತೇವೆ. ಔಟ್ಸ್ ಸಂಖ್ಯೆಯನ್ನು ನಾಲ್ಕರಿಂದ ಗುಣಿಸಿ ಎಂಬ ಸೂತ್ರವೂ ಇದನ್ನೇ ಹೇಳುತ್ತದೆ: 9 ನಾಲ್ಕಲಿ 36, ಹತ್ತಿರದಲ್ಲೇ ಇದೆ. ಸಂಖ್ಯೆ ಸುಳ್ಳಲ್ಲ. ಅದು ಎರಡೂ ಎಲೆಗಳನ್ನು, ಟರ್ನ್ ಮತ್ತು ರಿವರ್, ನೋಡಿದರೆ ಸಿಗುವ ಸಂಭವ.

ಆದರೆ ಫ್ಲಾಪ್‌ನಲ್ಲಿ ಒಂದು ಬೆಟ್‌ಗೆ ಕಾಲ್ ಮಾಡಿದಾಗ ನಾವು ಕೊಂಡದ್ದು ಒಂದೇ ಎಲೆ. ಎರಡನೆಯದಕ್ಕೆ ಎದುರಾಳಿ ಮತ್ತೆ ಬೆಲೆ ಕೇಳುತ್ತಾರೆ, ಸಾಮಾನ್ಯವಾಗಿ ಮೊದಲಿಗಿಂತ ಜಾಸ್ತಿ. 100ರ ಪಾಟ್‌ಗೆ ಎದುರಾಳಿ 100 ಹಾಕಿದರು. ನಮಗೆ ಸಿಗುತ್ತಿರುವುದು ಒಂದಕ್ಕೆ ಎರಡು. ಶೇ. 35 ಎಂದುಕೊಂಡರೆ ಒಂದಕ್ಕೆ 1.86 ಸಾಕು, ಲಾಭದ ಕಾಲ್ ಎನ್ನಿಸುತ್ತದೆ. ಒಂದೇ ಎಲೆಗಾದರೆ 47ರಲ್ಲಿ 9, ಶೇ. 19. ಒಂದಕ್ಕೆ 4.22 ಬೇಕು, ಅಂದರೆ 100ಕ್ಕೆ 422. 422ರಿಂದ 200 ಕಳೆದರೆ ಬಾಕಿ 222. ಕಣ್ಣಿಗೆ ಲಾಭವಾಗಿ ಕಂಡದ್ದರ ಹಿಂದೆ ಇಷ್ಟು ದೊಡ್ಡ ಬಾಕಿ ಅಡಗಿತ್ತು.

ಶೇ. 35 ಸರಿಯಾಗುವುದು ಎದುರಾಳಿ ತನ್ನದೆಲ್ಲವನ್ನೂ ಹಾಕಿಬಿಟ್ಟಾಗ, ಆಲ್-ಇನ್ ಆದಾಗ. ಆಗ ಇನ್ನು ಬೆಲೆ ಕೇಳುವವರಿಲ್ಲ, ಎರಡೂ ಎಲೆ ನಮ್ಮವು. ಆದರೆ ಅಲ್ಲಿ ಇಂಪ್ಲೈಡ್ ಆಡ್ಸ್ ಸೊನ್ನೆ, ವಸೂಲು ಮಾಡಲು ಏನೂ ಉಳಿದಿಲ್ಲ. ಶೇ. 35ನ್ನೂ ಇಂಪ್ಲೈಡ್ ಆಡ್ಸನ್ನೂ ಒಟ್ಟಿಗೆ ಹೇಳಿ ಕಾಲ್ ಮಾಡುವವರು ಒಂದೇ ಎಮ್ಮೆಯ ಹಾಲನ್ನು ಎರಡು ಸಲ ಕರೆಯಲು ಹೋಗುತ್ತಿದ್ದಾರೆ.

ಚಿಕ್ಕ ಜೋಡಿಯ ದೊಡ್ಡ ಲೆಕ್ಕ

ಇಂಪ್ಲೈಡ್ ಆಡ್ಸ್ ಅತಿ ಶುದ್ಧವಾಗಿ ಕಾಣುವುದು ಸ್ಟ್ರೇಟ್, ಫ್ಲಶ್‌ಗಳಲ್ಲಿ ಅಲ್ಲ, ಕೈಗೆ ಬಂದ ಚಿಕ್ಕ ಜೋಡಿಯಲ್ಲಿ. ಎರಡು 4 ಬಂದಿವೆ. ಫ್ಲಾಪ್‌ನಲ್ಲಿ ಮೂರನೆಯ 4 ಬಂದರೆ ಅದು ಸೆಟ್, ಮತ್ತು ಅದು ಯಾರ ಕಣ್ಣಿಗೂ ಬೀಳುವುದಿಲ್ಲ. ಚಾಪೆಯ ಮೇಲೆ ಒಂದು ಬಡಪಾಯಿ 4 ಬಿದ್ದಿದೆ, ಅಷ್ಟೇ. ಎರಡು ಎಕ್ಕ ಹಿಡಿದವರು ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಇಷ್ಟು ಚೆನ್ನಾಗಿ ಬಚ್ಚಿಟ್ಟುಕೊಳ್ಳುವ ಕೈ ಇನ್ನೊಂದಿಲ್ಲ.

ಬರುವ ಸಂಭವ ಶೇ. 11.8, ಒಂದು ಸಲ ಬರಲು ಏಳೂವರೆ ಸಲ ತಪ್ಪುತ್ತದೆ. ಎದುರಾಳಿ 15ಕ್ಕೆ ರೈಸ್ ಮಾಡಿದರು, ಅಂದರೆ ಮೊತ್ತ ಏರಿಸಿದರು, ಎಲೆ ಹಂಚುವ ಮೊದಲೇ ಇಬ್ಬರು ಕಡ್ಡಾಯವಾಗಿ ಹಾಕುವ ಬ್ಲೈಂಡ್‌ಗಳು ಸೇರಿ ಪಾಟ್‌ನಲ್ಲಿ 22 ಇದೆ ಎನ್ನಿ. ಉಳಿದವರೆಲ್ಲ ಕೈಬಿಟ್ಟಿದ್ದಾರೆ. ಏಳೂವರೆ ಸಲ 15 ಹೋದರೆ ಸುಮಾರು 112. ಪಾಟ್‌ನ 22 ಕಳೆದರೆ ಬಾಕಿ 90. ಎದುರಾಳಿ 90 ಚಿಪ್ಪಿನಿಂದ ಆಟಕ್ಕಿಳಿದು 15 ಹಾಕಿದ್ದರೆ ಅವರ ಬಳಿ ಉಳಿದದ್ದು 75. ಮುಗಿಯಿತು, ಇದು ತೀರದ ಬಾಕಿ, ಎಲೆ ಕೆಳಗಿಡಿ. ಅವರ ಬಳಿ 300 ಇದ್ದರೆ ಯೋಚಿಸಬಹುದು. ಕಾಲ್ ಮಾಡುವ ಮೊತ್ತದ ಹದಿನೈದು ಇಪ್ಪತ್ತು ಪಟ್ಟು ಸ್ಟ್ಯಾಕ್ ಇರಬೇಕು ಎಂದು ಅನುಭವಸ್ಥರು ಹೇಳುವುದು ಇದಕ್ಕಾಗಿ. ಏಳೂವರೆ ಪಟ್ಟು ಸಾಲದು, ಏಕೆಂದರೆ ಸೆಟ್ ಬಂದಾಗಲೆಲ್ಲ ಎದುರಾಳಿ ಪೂರ್ತಿ ಕೊಡುವುದಿಲ್ಲ. ಕೆಲವು ಸಲ ಸೆಟ್ ಕೂಡ ಸೋಲುತ್ತದೆ.

ಟೂರ್ನಮೆಂಟ್‌ಗಳಲ್ಲಿ ಆಟ ಮುಂದುವರಿದಂತೆ ಬ್ಲೈಂಡ್‌ಗಳು ಏರುತ್ತವೆ, ಅವಕ್ಕೆ ಹೋಲಿಸಿದರೆ ಎಲ್ಲರ ಸ್ಟ್ಯಾಕ್‌ಗಳೂ ಕುಗ್ಗುತ್ತವೆ. ಮೊದಲ ಗಂಟೆಯಲ್ಲಿ ಸರಿಯಾಗಿದ್ದ ಚಿಕ್ಕ ಜೋಡಿಯ ಕಾಲ್ ಐದನೆಯ ಗಂಟೆಯಲ್ಲಿ ತಪ್ಪಾಗುವುದು ಹೀಗೆ. ಲಿಮಿಟ್ ಪೋಕರ್ ಎಂಬ ಬಗೆಯಲ್ಲಿ ಪ್ರತಿ ಸುತ್ತಿನ ಬೆಟ್ ನಿಗದಿಯಾಗಿರುತ್ತದೆ. ಬೆಟ್ 20 ಎಂದರೆ 20, ಅಷ್ಟೇ. ಅಲ್ಲಿ 180ರ ಬಾಕಿ ಒಬ್ಬರಿಂದ ವಸೂಲಾಗುವ ಮಾತೇ ಇಲ್ಲ. ಇಂಪ್ಲೈಡ್ ಆಡ್ಸ್ ಇಷ್ಟು ಮುಖ್ಯವಾಗುವುದು ಮಿತಿಯಿಲ್ಲದೆ ಹಾಕಬಹುದಾದ ನೋ-ಲಿಮಿಟ್ ಆಟದಲ್ಲಿ.

ಕೂರುವ ಜಾಗವೂ ವಸೂಲಿಯನ್ನು ನಿರ್ಧರಿಸುತ್ತದೆ. ನಾವು ಕೊನೆಗೆ ಆಡುವವರಾಗಿದ್ದರೆ ಎದುರಾಳಿ ಬೆಟ್ ಹಾಕಿದಾಗ ರೈಸ್ ಮಾಡಬಹುದು, ಹಾಕದಿದ್ದರೆ ನಾವೇ ಬೆಟ್ ಹಾಕಬಹುದು. ಎರಡು ದಾರಿಯಲ್ಲೂ ಏನಾದರೂ ಬರುತ್ತದೆ. ಮೊದಲು ಆಡುವವರಾಗಿದ್ದರೆ ಕಷ್ಟ: ಎಲೆ ಬಂದ ಕೂಡಲೇ ಹಾಕಿದರೆ ಎದುರಾಳಿ ಎಚ್ಚೆತ್ತುಕೊಳ್ಳುತ್ತಾರೆ, ಅವರೇ ಹಾಕಲಿ ಎಂದು ಏನೂ ಹಾಕದೆ ಚೆಕ್ ಮಾಡಿದರೆ ಅವರೂ ಚೆಕ್ ಮಾಡಿ ಎಲೆ ತಿರುಗಿಸಿಬಿಡಬಹುದು. ಇಡೀ ಸುತ್ತು ಬರಿದಾಗಿ ಹೋಗುತ್ತದೆ. ನನ್ನ ಮಟ್ಟಿಗೆ, ಅಂಚಿನಲ್ಲಿರುವ ಡ್ರಾಗಳನ್ನು ಮೊದಲು ಆಡುವ ಜಾಗದಿಂದ ಬಿಟ್ಟೇಬಿಡುತ್ತೇನೆ.

ಕಾನೂನಿನ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಹಣ ಕಟ್ಟುವ ಆನ್‌ಲೈನ್ ಆಟಗಳನ್ನು ಕರ್ನಾಟಕ 2021ರಲ್ಲಿ ನಿಷೇಧಿಸಿತ್ತು, 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯನ್ನು ತಳ್ಳಿಹಾಕಿತು. ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ, ಕೌಶಲವೋ ಅದೃಷ್ಟವೋ ಎಂಬ ಭೇದವಿಲ್ಲದೆ ದೇಶದಾದ್ಯಂತ ಹಣದ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಈ ಲೇಖನದ ಲೆಕ್ಕಗಳನ್ನು ಕಲಿಯಲು ರೂಪಾಯಿ ಬೇಕಿಲ್ಲ. ಹುಣಸೆ ಬೀಜ ಸಾಕು, ಅದನ್ನೂ ಕಳೆದುಕೊಳ್ಳಲು ಮನಸ್ಸು ಬಾರದಷ್ಟು ಕಡಿಮೆ ಹಂಚಿಕೊಂಡರೆ.

ಚಾಪೆಯ ಮೇಲೆ ಕೂತು 46, 47 ಎಂದು ಭಾಗಾಕಾರ ಮಾಡಲಾಗದು ಎಂದು ತಮ್ಮ ಅಂದು ಗೊಣಗಿದ. ಮಾಡಬೇಕಿಲ್ಲ. ಒಂದು ಎಲೆಗೆ ಕಾಯುವಾಗ ಮೂರು ಸಂಖ್ಯೆ ನೆನಪಿದ್ದರೆ ಸಾಕು: ಫ್ಲಶ್ ಡ್ರಾಗೆ ನಾಲ್ಕು, ಎರಡೂ ತುದಿ ತೆರೆದ ಸ್ಟ್ರೇಟ್ ಡ್ರಾಗೆ ಐದು, ನಡುವಿನ ಒಂದೇ ಎಲೆಗೆ ಕಾಯುವ ಸ್ಟ್ರೇಟ್ ಡ್ರಾಗೆ ಹನ್ನೊಂದು. ಕೇಳಿದ ಮೊತ್ತವನ್ನು ಆ ಸಂಖ್ಯೆಯಿಂದ ಗುಣಿಸಿ, ಎದುರಾಳಿಯ ಬೆಟ್ ಸೇರಿಸಿದ ಪಾಟ್ ಕಳೆಯಿರಿ. ಉಳಿದದ್ದು ಬಾಕಿ. ಆಮೇಲೆ ತಲೆ ಎತ್ತಿ ಎದುರಿನ ಗುಡ್ಡೆ ನೋಡಿ.

ಯುಗಾದಿಯ ಮರುದಿನ, ವರ್ಷತೊಡಕಿನ ಊಟ ಮುಗಿಸಿ ಮತ್ತೆ ಕೂತೆವು. ತಮ್ಮನ ಕೈಯಲ್ಲಿ ಗುಲಾಮ ಮತ್ತು 10, ಆಮೇಲೆ ನನಗೆ ತೋರಿಸಿದ. ಫ್ಲಾಪ್‌ನಲ್ಲಿ ರಾಣಿ, 8, 3, ಮೂರೂ ಬೇರೆ ಬೇರೆ ಜಾತಿ. 9 ಬಂದರೆ ಸ್ಟ್ರೇಟ್, ಅದೂ ಯಾರಿಗೂ ಸುಲಭಕ್ಕೆ ಕಾಣದಂಥದ್ದು. ಪಾಟ್‌ನಲ್ಲಿ 60. ಭಾವ 30 ಹಾಕಿದರು. ತಮ್ಮ ಚಿಪ್ ಎತ್ತಿಕೊಂಡವನು ಹಾಗೇ ನಿಂತ.

"ಭಾವ, ನಿಮ್ಮ ಹತ್ರ ಇನ್ನೆಷ್ಟಿದೆ?"

ಭಾವ ಎಣಿಸಿ ನೋಡಿ, "ಇನ್ನೂರ ಹತ್ತು" ಎಂದರು.

ತಮ್ಮನ ತುಟಿ ಅಲುಗಿತು. ಹನ್ನೊಂದು ಮೂವತ್ತಲಿ ಮುನ್ನೂರ ಮೂವತ್ತು, ತೊಂಬತ್ತು ಕಳೆದರೆ ಇನ್ನೂರ ನಲವತ್ತು. ಚಿಪ್ಪನ್ನು ತನ್ನ ಗುಡ್ಡೆಗೇ ಮರಳಿ ಹಾಕಿ, ಎರಡೂ ಎಲೆಗಳನ್ನು ಮುಚ್ಚಿ ಚಾಪೆಯ ಮೇಲಿಟ್ಟ.